ಮನೆಯ ಕರಾರೂ ಮಧ್ಯಸ್ಥಿಕೆಯ ಕಲಮೂ

ಹೋಟೆಲಿನ ದುಡಿಮೆಯಿಂದಲೋ ಗುಮಾಸ್ತಗಿರಿಯಿಂದಲೋ ಮಿಗಿಸಿದ ಹಣಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ ಚೆನ್ನೈ ನಗರದಲ್ಲಿ ಫ್ಲಾಟೊಂದನ್ನು ಕೊಳ್ಳಹೊರಡುವ ನಮ್ಮವರು ಕರಾರುಪತ್ರದಲ್ಲಿ ಬೆಲೆಯ ಪುಟವನ್ನು ಹತ್ತು ಸಲ ಓದುವರು. ಕಡೆಯ ಪುಟಗಳಿಗೆ ಓದದೆಯೇ ರುಜು ಹಾಕುವರು. ವಿವಾದ ಹುಟ್ಟಿದಲ್ಲಿ ಕಂಪೆನಿಯು ನೇಮಿಸುವ ಮಧ್ಯಸ್ಥಗಾರನ ತೀರ್ಪಿಗೆ ಉಭಯರೂ ಬದ್ಧರೆಂಬ ಕಲಮು ಅನೇಕ ವೇಳೆ ಅಡಗಿರುವುದು ಅಲ್ಲಿಯೇ. ಮನೆ ತಡವಾಗಿ ಕೈಸೇರಿ, ಗೋಡೆಯೂ ಸೋರತೊಡಗಿದಾಗ, ನಿಮಗೆ ಬೇರೆ ದಾರಿಯಿಲ್ಲವೆಂಬ ಉತ್ತರ ಬರುತ್ತದೆ.

ಮಧ್ಯಸ್ಥಿಕೆ, ಅರ್ಥಾತ್ ಆರ್ಬಿಟ್ರೇಷನ್, ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಕಾಂಕ್ರೀಟಿನ ಗುಣವನ್ನೂ ಕೆಲಸದ ಅಳತೆಯನ್ನೂ ಅನುಭವಸ್ಥ ಇಂಜಿನಿಯರು ಬಲ್ಲಂತೆ ಬೇರೊಬ್ಬರು ಅರಿಯರು. 1940ರ ಕಾಯಿದೆಯ ಕಾಲದಲ್ಲಿ ಈ ದಾರಿಯೂ ಕೋರ್ಟಿನಷ್ಟೇ ಸುತ್ತುಬಳಸಿನದಾಗಿತ್ತು. 1981ರಲ್ಲಿ ಗುರುನಾನಕ್ ಫೌಂಡೇಶನ್ನಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಅದಕ್ಕಾಗಿ ಮರುಗಿತು. ಆ ಸ್ಥಾನಕ್ಕೆ 1996ರ ಕಾಯಿದೆ ಬಂದಿತು. ಉಭಯರ ಲಿಖಿತ ಹೇಳಿಕೆಗಳು ಮುಗಿದ 12 ತಿಂಗಳೊಳಗೆ ತೀರ್ಪಾಗಬೇಕೆಂಬುದು ಈಗಿನ ನಿಯಮ. ಉಭಯರೂ ಒಪ್ಪಿದರೆ ಇನ್ನೂ 6 ತಿಂಗಳು.

ಆದರೆ ಖರ್ಚಿನ ಮಾತೇನು? ಚೆನ್ನೈ ಮೆಟ್ರೋದ ನೆಲದಡಿಯ ಕಾಮಗಾರಿಯ ವಿವಾದದಲ್ಲಿ ಮಧ್ಯಸ್ಥಗಾರರು ಬೈಠಕ್ಕೊಂದರ ಶುಲ್ಕವನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿದ್ದರಿಂದ ತಕರಾರೆದ್ದು, 2023ರಲ್ಲಿ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೆಟ್ರೋ ಕಂಪೆನಿಗೇ ಭಾರವೆನಿಸಿದ ದರವದು! ಸಂಬಳದ ಮೇಲೆ ಬದುಕುವವನಿಗೆ ಇದರ ಕಾಲುಭಾಗವೂ ನಿಲುಕದು.

ಅದರಿಂದ ನಮ್ಮವರು ಮುಖ್ಯವಾಗಿ ತಿಳಿಯಬೇಕಾದುದು ಇದು: ಆ ಕಲಮು ಬಳಕೆದಾರರ ಆಯೋಗದ ಬಾಗಿಲನ್ನು ಮುಚ್ಚಲಾರದು. 2018ರ ಡಿಸೆಂಬರಿನಲ್ಲಿ ಎಮ್ಮಾರ್ ಎಂಜಿಎಫ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೀಗೆಂದೇ ತೀರ್ಮಾನಿಸಿತು. 500 ಚದರ ಮೀಟರನ್ನೂ 8 ಮನೆಗಳನ್ನೂ ಮೀರಿದ ಯೋಜನೆಯಾದರೆ, 2016ರ ಕಾಯಿದೆಯಂತೆ ತಮಿಳುನಾಡಿನ ರೇರಾ ಪ್ರಾಧಿಕಾರಕ್ಕೂ ದೂರು ಕೊಡಬಹುದು. ಮನೆ ವಶಕ್ಕೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಅದನ್ನು ಉಚಿತವಾಗಿ ಸರಿಪಡಿಸುವುದು ಬಿಲ್ಡರನ ಹೊಣೆ. ಮೇಸ್ತ್ರಿಯನ್ನು ಹಿಡಿದು ಸ್ವಂತ ನಿವೇಶನದಲ್ಲಿ ಕಟ್ಟಿಸುವವರಿಗೆ ರೇರಾ ಇಲ್ಲ, ಬಳಕೆದಾರರ ಆಯೋಗ ಉಂಟು. ಕೋರ್ಟಿಗೆ ಹೋದ ಮೊಕದ್ದಮೆಗೂ ಸಂಧಾನದ ಅವಕಾಶವಿದೆ. ಮದರಾಸು ಹೈಕೋರ್ಟಿನ ಆವರಣದಲ್ಲಿ 2005ರಿಂದಲೇ ಸಂಧಾನ ಕೇಂದ್ರವೊಂದು ಕೆಲಸ ಮಾಡುತ್ತಿದೆ.

ಇನ್ನು, ತಾನು ನೇಮಿಸಿದ ಏಕೈಕ ಮಧ್ಯಸ್ಥಗಾರನ ಮುಂದೆ ಬರಬೇಕೆಂದು ಕಂಪೆನಿ ನೋಟೀಸು ಕಳುಹಿಸಿದರೆ? ಫಲಿತಾಂಶದಲ್ಲಿ ಹಿತಾಸಕ್ತಿಯುಳ್ಳವನು ಹಾಗೆ ನೇಮಿಸಲಾಗದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕದೆ ಆಕ್ಷೇಪಣೆಯನ್ನು ಬರೆದು ಕಳುಹಿಸಿ, ಹೈಕೋರ್ಟಿನಿಂದ ನಿಷ್ಪಕ್ಷಪಾತಿಯೊಬ್ಬನ ನೇಮಕವನ್ನು ಕೋರಬಹುದು. ತೀರ್ಪೇ ಬಂದುಬಿಟ್ಟಿದ್ದರೆ ಅದರ ಪ್ರತಿಯನ್ನು ಪೆಟ್ಟಿಗೆಗೆ ಸೇರಿಸಬಾರದು: ಪ್ರಶ್ನಿಸಲು ಮೂರು ತಿಂಗಳು ಮಾತ್ರ, ತಕ್ಕ ಕಾರಣವಿದ್ದರೆ ಮೇಲೆ ಮೂವತ್ತು ದಿನ. ಆಮೇಲೆ ಒಂದು ದಿನವೂ ಇಲ್ಲ.