ಒಂದು ಮಾರು ದೂರದಿಂದ ಓದುವ ಹಾಳೆ

ಕೆನಡಾದ ಮಿಲ್ಟನ್ ಊರಿನ ಪಶ್ಚಿಮಕ್ಕೆ, ನಯಾಗರಾ ಎಸ್ಕಾರ್ಪ್‌ಮೆಂಟ್‌ನ ಬಂಡೆಗಳ ನಡುವೆ, ಕ್ರಾಫರ್ಡ್ ಲೇಕ್ ಎಂಬ ಪುಟ್ಟ ಕೆರೆಯಿದೆ. ವಿಸ್ತೀರ್ಣ ಸುಮಾರು 2.4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಆರು ಎಕರೆ. ಆಳ ಮಾತ್ರ ಸುಮಾರು 24 ಮೀಟರ್. ಬಾಯಿ ಚಿಕ್ಕದು, ಒಡಲು ಆಳ. ಹಾಗಾಗಿ ಮೇಲಿನ ನೀರು ತಳದ ನೀರಿನೊಡನೆ ಬೆರೆಯುವುದಿಲ್ಲ, ತಳದ ಕೆಸರು ಕದಡುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಅಲ್ಲಿ ಕ್ಯಾಲ್ಸೈಟ್‌ನ ತೆಳು ಬಿಳಿ ಪದರ ಕೂರುತ್ತದೆ, ಬೇಸಿಗೆ ಮುಗಿದ ಮೇಲೆ ಸತ್ತ ಪಾಚಿ, ಎಲೆ, ಕಸಗಳ ಕಪ್ಪು ಪದರ. ಒಂದು ಬಿಳಿ, ಒಂದು ಕಪ್ಪು ಸೇರಿದರೆ ಒಂದು ವರ್ಷ. ಒಣ ಮಂಜುಗಡ್ಡೆ ತುಂಬಿದ ಲೋಹದ ಪೆಟ್ಟಿಗೆಯನ್ನು ಕೆಸರಿಗೆ ಇಳಿಸಿ, ಪದರಗಳು ಅದರ ಮೈಗೆ ಹೆಪ್ಪುಗಟ್ಟಿದ ಮೇಲೆ ಮೇಲಕ್ಕೆತ್ತಿದರೆ, ನೂರಾರು ವರ್ಷಗಳು ಗೆರೆಗೆರೆಯಾಗಿ ಕಾಣುತ್ತವೆ. 1950ರ ಆಸುಪಾಸಿನ ಗೆರೆಗಳಲ್ಲಿ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಇದೆ, ಕಲ್ಲಿದ್ದಲು ಉರಿದ ಬೂದಿಯ ಕಣಗಳಿವೆ. ಮನುಷ್ಯಯುಗ ಎಂಬ ಹೊಸ ಭೂಕಾಲಘಟ್ಟದ ಗುರುತುಗಲ್ಲಾಗಿ 2023ರ ಜುಲೈನಲ್ಲಿ ವಿಜ್ಞಾನಿಗಳ ತಂಡವೊಂದು ಈ ಕೆರೆಯನ್ನೇ ಆರಿಸಿತು. 2024ರ ಮಾರ್ಚ್‌ನಲ್ಲಿ ಆ ಪ್ರಸ್ತಾಪ ಮತದಾನದಲ್ಲಿ ಬಿದ್ದುಹೋಯಿತು. ಪ್ರಸ್ತಾಪ ಬಿದ್ದರೂ ಕೆಸರಿನ ದಾಖಲೆ ಎಲ್ಲೂ ಹೋಗಿಲ್ಲ.

ಮಿಲ್ಟನ್ ಇರುವ ಹಾಲ್ಟನ್ ಪ್ರದೇಶದಲ್ಲಿ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪೋಸ್ಟರ್ ವಿಷಯ ಸಿಗುವುದು ಕಷ್ಟ. ಮಿಲ್ಟನ್‌ನ ಕನ್ನಡ ಮನೆಗಳ ಹುಡುಗ ಹುಡುಗಿಯರು ಟೊರಾಂಟೊ ವಿಶ್ವವಿದ್ಯಾಲಯದ ಮಿಸ್ಸಿಸಾಗ ಕ್ಯಾಂಪಸ್ಸಿಗೋ ಹ್ಯಾಮಿಲ್ಟನ್‌ನ ಮ್ಯಾಕ್‌ಮಾಸ್ಟರ್‌ಗೋ ದಿನವೂ ಓಡಾಡುತ್ತಾರೆ. ಈಗ ಊರಿನಲ್ಲೇ ವಿಲ್ಫ್ರಿಡ್ ಲಾರಿಯರ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ. ಪದವಿಯ ಕೊನೆಯ ವರ್ಷಕ್ಕೆ ಬಂದವರೆಲ್ಲ ಒಂದಲ್ಲ ಒಂದು ದಿನ ಕ್ಯಾಂಪಸ್ಸಿನ ಪ್ರಿಂಟ್ ಶಾಪ್‌ಗೆ ಪೆನ್‌ಡ್ರೈವ್ ಹಿಡಿದು ಹೋಗುವವರೇ. ಸಂಶೋಧನೆಯನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ನಿಂತು ವಿವರಿಸುವ ಈ ಪದ್ಧತಿ ಅಂಥ ಹಳೆಯದೇನಲ್ಲ. ಯುರೋಪಿನ ಜೀವರಸಾಯನ ವಿಜ್ಞಾನಿಗಳು 1969ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದಾಗ ಶುರುವಾದದ್ದು. ಭಾಷಣಕ್ಕೆ ವೇದಿಕೆ ಸಾಲದಾದಾಗ ಗೋಡೆ ನೆರವಿಗೆ ಬಂತು.

ಪೋಸ್ಟರ್ ಎಂದರೆ ದೊಡ್ಡ ಹಾಳೆ ಎಂದುಕೊಂಡವರು ಅಳತೆಯಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಓದುವವನು ಎಲ್ಲಿ ನಿಂತಿರುತ್ತಾನೆ ಎಂಬುದರಿಂದ. ಆ ದೂರ ಗೊತ್ತಾದರೆ ಚಿತ್ರ ಎಷ್ಟು ಸೂಕ್ಷ್ಮವಿರಬೇಕು, ಅಕ್ಷರ ಎಷ್ಟು ದಪ್ಪವಿರಬೇಕು, ಯಾವ ಕಾಗದ ಬೇಕು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

ಆರೋಗ್ಯವಂತ ಕಣ್ಣು ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಕನಿಷ್ಠ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವಿರಬೇಕು. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಪಟ್ಟಿ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಒಂದು ಮಾರು, ಅಂದರೆ 1.8 ಮೀಟರ್ ದೂರದಿಂದ ನೋಡಿದರೆ ಈ ಕೋನ ಸುಮಾರು ಅರ್ಧ ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ಹತ್ತಿರ ಇರುವ ಚುಕ್ಕೆಗಳು ಕಣ್ಣಿಗೆ ಕೂಡಿಕೊಂಡು ಒಂದೇ ಆಗಿಬಿಡುತ್ತವೆ. ಆದರೆ ಪೋಸ್ಟರ್ ನೋಡುವವರು ಒಂದು ಮಾರು ದೂರದಲ್ಲೇ ನಿಲ್ಲುವುದಿಲ್ಲ. ವಿಷಯ ಹಿಡಿಸಿದರೆ ಮುಂದೆ ಬಂದು, ಎರಡಡಿ ದೂರದಲ್ಲಿ ಮುಖವಿಟ್ಟು ನಕ್ಷೆ ನೋಡುತ್ತಾರೆ. ಅಲ್ಲಿಂದ ಕಣ್ಣು ಇಂಚಿಗೆ 143 ಚುಕ್ಕೆಗಳಷ್ಟನ್ನು ಬಿಡಿಸಿ ನೋಡಬಲ್ಲದು. ಪ್ರಿಂಟ್ ಶಾಪ್‌ನವರು ಪೋಸ್ಟರ್ ಚಿತ್ರಕ್ಕೆ ಇಂಚಿಗೆ 150 ಪಿಕ್ಸೆಲ್ ಇದ್ದರೆ ಸಾಕು ಎನ್ನುವುದರ ಹಿಂದಿರುವ ಲೆಕ್ಕ ಇದು. ಕೈಯಲ್ಲಿ ಹಿಡಿದು ಓದುವ ಪತ್ರಿಕೆಗೆ 300 ಬೇಕು, ಏಕೆಂದರೆ ಅದು ಕಣ್ಣಿಗೆ ಸುಮಾರು ಒಂದಡಿ ದೂರದಲ್ಲಿರುತ್ತದೆ. ನಮ್ಮೂರಿನ ಸರ್ಕಲ್ಲುಗಳಲ್ಲಿ ಕಟ್ಟುವ ಫ್ಲೆಕ್ಸ್‌ಗೆ ಇದರ ಕಾಲುಭಾಗವೂ ಬೇಕಿಲ್ಲ. ಇಪ್ಪತ್ತು ಮೀಟರ್ ದೂರದಿಂದ ನೋಡುವ ಕಣ್ಣಿಗೆ ಐದು ಮಿಲಿಮೀಟರ್ ಅಂತರದ ಚುಕ್ಕೆಗಳೂ ಕೂಡಿಕೊಳ್ಳುತ್ತವೆ. ಕೆಳಗೆ ಬಿದ್ದ ಫ್ಲೆಕ್ಸ್ ತುಂಡನ್ನು ಕೈಗೆತ್ತಿಕೊಂಡು ನೋಡಿದವರಿಗೆ ಅದರ ಒರಟು ಚುಕ್ಕೆಗಳು ನೆನಪಿರುತ್ತವೆ.

ಕೆನಡಾದ ಕ್ಯಾಂಪಸ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವ ಅಳತೆ 36 ಇಂಚು ಅಗಲ, 48 ಇಂಚು ಉದ್ದ. ಇಂಚಿಗೆ 150 ಪಿಕ್ಸೆಲ್‌ನಂತೆ ಇಡೀ ಹಾಳೆ 5,400 ಗುಣಿಸು 7,200 ಪಿಕ್ಸೆಲ್, ಹತ್ತಿರಹತ್ತಿರ 3.9 ಕೋಟಿ. ಈಗ ಕೆರೆಯ ಕೆಸರಿನ ಚಿತ್ರಕ್ಕೆ ಬನ್ನಿ. ಅರ್ಧ ಮೀಟರ್ ಉದ್ದದ ಪಟ್ಟಿಯನ್ನು ನಿಜದ ಅಳತೆಯಲ್ಲೇ ಹಾಕಬೇಕು, ಪದರ ಜೋಡಿಯೊಂದು ಒಂದು ಮಿಲಿಮೀಟರ್ ದಪ್ಪ ಎಂದುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಸಾವಿರ ಪಿಕ್ಸೆಲ್ ಎತ್ತರದ ಚಿತ್ರ ಹಾಕಿದರೆ ಮಿಲಿಮೀಟರಿಗೆ ಎರಡೇ ಪಿಕ್ಸೆಲ್. ಬಿಳಿಗೊಂದು, ಕಪ್ಪಿಗೊಂದು. ಸ್ವಲ್ಪ ಜರುಗಿದರೂ ಎರಡೂ ಬೆರೆತು ಬೂದುಬಣ್ಣವಾಗುತ್ತದೆ, ವರ್ಷಗಳೇ ಅಳಿಸಿಹೋಗುತ್ತವೆ. 150ರ ಲೆಕ್ಕದಲ್ಲಿ ಅದೇ ಮಿಲಿಮೀಟರಿಗೆ ಆರು ಪಿಕ್ಸೆಲ್ ಸಿಗುತ್ತದೆ, ಪದರ ಎಣಿಸಬಹುದು.

ಈಚೆಗೆ ಇದಕ್ಕೊಂದು ಅಡ್ಡದಾರಿ ಬಂದಿದೆ. ಚಿಕ್ಕ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್‌ಗೆ ಕೊಟ್ಟರೆ ನಾಲ್ಕು ಪಟ್ಟು ಹಿಗ್ಗಿಸಿ, ಅಂಚುಗಳನ್ನು ಚೂಪು ಮಾಡಿ ಕೊಡುತ್ತದೆ. ಹುಟ್ಟುಹಬ್ಬದ ಫೋಟೊಗೆ ಧಾರಾಳವಾಗಿ ಬಳಸಿ. ವಿಜ್ಞಾನದ ಚಿತ್ರಕ್ಕೆ ಬೇಡವೇ ಬೇಡ. ಆ ಸಾಫ್ಟ್‌ವೇರ್ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಕೆಸರಿನ ಚಿತ್ರದಲ್ಲಿ ಅದು ಊಹಿಸಿದ ಒಂದೊಂದು ಗೆರೆಯೂ ನಡೆಯದೇ ಹೋದ ಒಂದೊಂದು ವರ್ಷ. ನಕ್ಷೆ, ಗ್ರಾಫ್‌ಗಳ ವಿಷಯ ಬೇರೆ: ಅವನ್ನು ವೆಕ್ಟರ್ ರೂಪದಲ್ಲಿ ಉಳಿಸಿದರೆ ಪಿಕ್ಸೆಲ್ಲಿನ ಗೊಡವೆಯೇ ಇಲ್ಲ. ಅಲ್ಲಿ ಚುಕ್ಕೆಗಳ ಬದಲು ಗೆರೆಯ ಗಣಿತವೇ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಹರಿತ.

ಕಡತ ಸಿದ್ಧವಾಗಿ ಯಂತ್ರಕ್ಕೆ ಹೋದ ಮೇಲಿನ ಕೆಲಸವನ್ನು ನಿಂತು ನೋಡುವುದೆಂದರೆ ನನಗೆ ಬಲು ಇಷ್ಟ. ಊಟದ ಮೇಜಿನಷ್ಟು ಅಗಲದ ಯಂತ್ರ, ಹಿಂದೆ ಕಾಗದದ ಸುರುಳಿ. ಮುದ್ರಣದ ತಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸುಯ್ಯೆಂದು ಓಡುತ್ತದೆ. ಒಂದು ಓಟ ಮುಗಿದಾಗ ಕಾಗದ ಬೆರಳಿನಗಲವೂ ಇಲ್ಲದಷ್ಟು ಮುಂದೆ ಸರಿಯುತ್ತದೆ. ಆ ತಲೆಯಲ್ಲಿ ಸಾವಿರಾರು ರಂಧ್ರಗಳು, ಒಂದೊಂದೂ ಕೂದಲಿಗಿಂತ ಸಣ್ಣದು. ಒಂದೊಂದರ ಹಿಂದೆಯೂ ಪುಟ್ಟ ಹೀಟರ್. ವಿದ್ಯುತ್ ಹರಿದೊಡನೆ ಅದು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ 300 ಡಿಗ್ರಿ ಮುಟ್ಟುತ್ತದೆ. ಅದಕ್ಕೆ ತಾಗಿದ ಶಾಯಿಯ ತೆಳುಪೊರೆ ಆವಿಯಾಗಿ ಗುಳ್ಳೆ ಏಳುತ್ತದೆ, ಗುಳ್ಳೆ ಮುಂದಿನ ಶಾಯಿಯನ್ನು ರಂಧ್ರದಿಂದ ಹೊರಕ್ಕೆ ದೂಡುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದೂ ಒಳಗಿನ ತೇವ ಹೀಗೆಯೇ ಆವಿಯಾಗುವುದರಿಂದ. ಗುಳ್ಳೆ ಕುಸಿದಾಗ ಉಂಟಾಗುವ ಖಾಲಿ ಜಾಗಕ್ಕೆ ಹೊಸ ಶಾಯಿ ತಾನಾಗಿ ನುಗ್ಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಇದು ನಡೆಯಬೇಕು.

ಕ್ಯಾನನ್ ಕಂಪನಿಯ ಇಚಿರೊ ಎಂಡೊ 1977ರಲ್ಲಿ ಇದನ್ನು ಕಂಡುಕೊಂಡ ಕಥೆ ಪ್ರಯೋಗಾಲಯಗಳಲ್ಲಿ ಹೆಸರುವಾಸಿ. ಕಾದ ಬೆಸುಗೆ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಾಗಿತು, ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಜಾನ್ ವಾಟ್ ಕೂಡ ತಮ್ಮ ಪಾಡಿಗೆ ಇದೇ ತತ್ವಕ್ಕೆ ಬಂದಿದ್ದರು. ಇನ್ನೊಂದು ಬಗೆಯ ತಲೆಯಲ್ಲಿ ಹೀಟರ್ ಇರುವುದಿಲ್ಲ. ವಿದ್ಯುತ್ ಕೊಟ್ಟರೆ ಆಕಾರ ಬದಲಿಸುವ ಪೀಜೊ ಹರಳು ಶಾಯಿಯನ್ನು ಒತ್ತಿ ಹೊರಹಾಕುತ್ತದೆ. ಎಪ್ಸನ್ ಯಂತ್ರಗಳದ್ದು ಈ ದಾರಿ. ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರ ತಿರುವುಮುರುವು ಅದು.

ಹನಿ ಎಷ್ಟು ಚಿಕ್ಕದು? ಸಾಧಾರಣ 4 ಪಿಕೊಲೀಟರ್ ಎಂದಿಟ್ಟುಕೊಂಡರೆ ಒಂದು ಮಿಲಿಲೀಟರ್ ಶಾಯಿಯಲ್ಲಿ 25 ಕೋಟಿ ಹನಿ. ವ್ಯಾಸ ಮಿಲಿಮೀಟರಿನ ಐವತ್ತನೇ ಒಂದು ಭಾಗ. ಚಿತ್ರಕ್ಕೆ 150 ಸಾಕು ಎಂದ ಮೇಲೆ ಯಂತ್ರಕ್ಕೆ ಇಂಚಿಗೆ 1,200 ಅಥವಾ 2,400 ಚುಕ್ಕೆಗಳ ಶಕ್ತಿ ಯಾಕೆ ಎಂದು ಕೇಳಬಹುದು. ಪರದೆಯ ಪಿಕ್ಸೆಲ್ ಲಕ್ಷಾಂತರ ಬಣ್ಣಗಳಲ್ಲಿ ಯಾವುದನ್ನಾದರೂ ತಾಳಬಲ್ಲದು. ಶಾಯಿಯ ಹನಿಗೆ ಆ ಸ್ವಾತಂತ್ರ್ಯವಿಲ್ಲ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ತಿಳಿಬೂದು ಬೇಕಾದರೆ ಕಪ್ಪು ಹನಿಗಳನ್ನು ವಿರಳವಾಗಿ ಚೆಲ್ಲಬೇಕು, ಕಡುಬೂದು ಬೇಕಾದರೆ ಒತ್ತೊತ್ತಾಗಿ. ಹೀಗೆ ಒಂದೊಂದು ಪಿಕ್ಸೆಲ್ಲಿನ ಜಾಗದಲ್ಲಿ ಹತ್ತಾರು ಹನಿಗಳು ಸೇರಿ ಒಂದು ಛಾಯೆಯಾಗುತ್ತವೆ. ಎಲ್ಲಿ ಹನಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬ ತೀರ್ಮಾನಕ್ಕೆ ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ 1976ರಲ್ಲಿ ಸೊಗಸಾದ ಉಪಾಯ ಕೊಟ್ಟರು: ಒಂದು ಚುಕ್ಕೆಯಲ್ಲಿ ಆದ ಹೆಚ್ಚುಕಡಿಮೆಯನ್ನು ಪಕ್ಕದ ಚುಕ್ಕೆಗಳ ಲೆಕ್ಕಕ್ಕೆ ಹಂಚಿಬಿಡುವುದು. ಒಟ್ಟು ಮೊತ್ತ ಸರಿಯಾಗಿರುತ್ತದೆ, ಕಣ್ಣು ಮೊತ್ತವನ್ನಷ್ಟೇ ನೋಡುತ್ತದೆ.

ಬಣ್ಣದ ವಿಷಯದಲ್ಲಿ ಮಕ್ಕಳಿಗೆ ನಿರಾಸೆಯಾಗುವುದನ್ನು ನೋಡಿದ್ದೇನೆ. ಕೆರೆಯ ಪೋಸ್ಟರಿಗೆ ಕಡುನೀಲಿ ಹಿನ್ನೆಲೆ ಹಾಕಿದ್ದ ಹುಡುಗಿಯೊಬ್ಬಳು ಹೊರಬಂದ ಹಾಳೆ ನೋಡಿ, "ಅಂಕಲ್, ಲ್ಯಾಪ್‌ಟಾಪಲ್ಲಿ ಚೆನ್ನಾಗಿ ನೀಲಿ ಇತ್ತು, ಇಲ್ಲಿ ನೇರಳೆ ಥರ ಬಂದಿದೆಯಲ್ಲ" ಎಂದಳು. ಯಂತ್ರ ಕೆಟ್ಟಿರಲಿಲ್ಲ. ಪರದೆ ಬೆಳಕನ್ನು ಹೊರಸೂಸುತ್ತದೆ. ಕೆಂಪು, ಹಸಿರು, ನೀಲಿ ಕೂಡಿ ಬಿಳಿಯಾಗುತ್ತದೆ. ಕಾಗದ ತಾನಾಗಿ ಬೆಳಗುವುದಿಲ್ಲ. ಕೋಣೆಯ ಬಿಳಿ ಬೆಳಕಿನಿಂದ ಶಾಯಿ ಒಂದಿಷ್ಟನ್ನು ನುಂಗಿ, ಉಳಿದದ್ದನ್ನು ನಮಗೆ ಬಿಡುತ್ತದೆ. ಹಸಿರುನೀಲಿ ಶಾಯಿ ಕೆಂಪನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು ನುಂಗುತ್ತದೆ. ಎರಡನ್ನೂ ಒಂದರ ಮೇಲೊಂದು ಹಾಕಿದರೆ ನೀಲಿ ಉಳಿಯಬೇಕು. ಆದರೆ ಯಾವ ಶಾಯಿಯೂ ತನ್ನ ಪಾಲನ್ನು ಮಾತ್ರ ನುಂಗುವಷ್ಟು ಶುದ್ಧವಲ್ಲ, ಹಾಗಾಗಿ ಪರದೆಯ ಆ ಹೊಳೆಯುವ ನೀಲಿ ಶಾಯಿಗೆ ಎಟುಕುವುದೇ ಇಲ್ಲ. ಯಂತ್ರ ತನಗೆ ಎಟುಕುವ ಹತ್ತಿರದ ಬಣ್ಣ ಕೊಡುತ್ತದೆ, ಅದು ನೇರಳೆಯ ಕಡೆ ವಾಲುತ್ತದೆ. ಕೆಸರಿನ ಕಂದು, ಬಿಳಿ, ಕಪ್ಪುಗಳಿಗೆ ಈ ತೊಂದರೆಯಿಲ್ಲ. ಅವು ಶಾಯಿಯ ಹಿಡಿತದೊಳಗೇ ಇವೆ. ಹಿನ್ನೆಲೆಯನ್ನು ಬಿಳಿಯಾಗಿ ಬಿಟ್ಟರೆ ಪದರಗಳು ಎದ್ದು ಕಾಣುತ್ತವೆ, ಶಾಯಿಯೂ ಉಳಿಯುತ್ತದೆ.

ಮಿಲ್ಟನ್‌ನ ಹುಡುಗರಿಗೆ ನಾನು ವಿಶೇಷವಾಗಿ ಹೇಳುವುದು ಕನ್ನಡ ಅಕ್ಷರದ ಬಗ್ಗೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮಕ್ಕಳ ವಿಜ್ಞಾನ ಪೋಸ್ಟರ್ ಇಡಬೇಕೆಂಬುದು ನನ್ನ ಬಹುದಿನದ ಆಸೆ, ಅಜ್ಜಿ ತಾತಂದಿರು ನಿಂತು ಓದುವಂತಿರಬೇಕು. ಇಂಗ್ಲಿಷ್ ಪೋಸ್ಟರಿಗೆ 24 ಪಾಯಿಂಟ್ ಅಕ್ಷರ ಸಾಕು ಎನ್ನುತ್ತಾರೆ. ಕನ್ನಡಕ್ಕೆ ಸಾಲದು. ಒತ್ತಕ್ಷರಗಳಿಗೆ ಕೆಳಗೆ, ಗುಣಿತದ ಗುಡಿಸುಗಳಿಗೆ ಮೇಲೆ ಜಾಗ ಬಿಡಬೇಕಾದ್ದರಿಂದ ಅದೇ ಪಾಯಿಂಟಿನಲ್ಲಿ ನಮ್ಮ ಮೂಲಾಕ್ಷರ ಚಿಕ್ಕದಾಗುತ್ತದೆ. ಜೊತೆಗೆ ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಗೀಟು. ಆ ಗೀಟು ಅಕ್ಷರದ ಎತ್ತರದಲ್ಲಿ ಹತ್ತನೇ ಒಂದು ಪಾಲು ಎಂದುಕೊಂಡರೂ, ಒಂದು ಮಾರು ದೂರದಿಂದ ಕಾಣಬೇಕಾದರೆ ಅರ್ಧ ಮಿಲಿಮೀಟರ್ ಇರಲೇಬೇಕು. ಮೂಲಾಕ್ಷರವೇ ಐದು ಮಿಲಿಮೀಟರ್ ಎತ್ತರವಿರಬೇಕು ಎಂದಾಯಿತು. ಫಾಂಟ್ ನೋಡಿಕೊಂಡು 32ರಿಂದ 36 ಪಾಯಿಂಟ್. ವಯಸ್ಸಾದ ಕಣ್ಣುಗಳಿಗೆ ಇನ್ನಷ್ಟು. ಸಾಲುಗಳ ನಡುವೆಯೂ ಕೈ ಬಿಚ್ಚಿ ಜಾಗ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಅಕ್ಷರ ಸರಿಯಾಗಿ ಮೂಡುವುದೂ ಒಂದು ಸಮಸ್ಯೆ. ಕಂಪ್ಯೂಟರಿನೊಳಗೆ ಯುನಿಕೋಡ್ ಕನ್ನಡ ಬಿಡಿಬಿಡಿ ಸಂಕೇತಗಳಾಗಿ ಇರುತ್ತದೆ. 'ಸ್ತ್ರೀ' ಬರೆಯಲು ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಹೀಗೆ ಆರು ಸಂಕೇತ ಬೇಕು. ಇವನ್ನು ಕೂಡಿಸಿ ಒಂದು ಆಕಾರ ಮಾಡುವುದು ಫಾಂಟು ಮತ್ತು ಅದನ್ನು ಓದುವ ಸಾಫ್ಟ್‌ವೇರ್. ಪ್ರಿಂಟ್ ಶಾಪ್‌ನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಬರುತ್ತವೆ. ಸಾಫ್ಟ್‌ವೇರಿಗೆ ಕೂಡಿಸಲು ಬಾರದಿದ್ದರೆ ಒತ್ತುಗಳು ಬಿಚ್ಚಿಕೊಂಡು ಸಾಲಾಗಿ ನಿಲ್ಲುತ್ತವೆ. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಕಾಲದ ಫಾಂಟುಗಳಲ್ಲಿ ಟೈಪ್ ಮಾಡಿದ್ದರಂತೂ ರೋಮನ್ ಅಕ್ಷರಗಳ ಕಲಸುಮೇಲೋಗರವೇ ಸಿಗುತ್ತದೆ. ಪವರ್‌ಪಾಯಿಂಟ್ ಕಡತವನ್ನು ಹಾಗೇ ಕೊಡದೆ, ಫಾಂಟುಗಳನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕೊಡಬೇಕು. ಪಿಡಿಎಫ್‌ನಲ್ಲಿ ಅಕ್ಷರದ ಆಕಾರಗಳೂ ಅವು ಕೂರುವ ಜಾಗಗಳೂ ಮೊದಲೇ ತೀರ್ಮಾನವಾಗಿರುತ್ತವೆ. ಕೌಂಟರಿನಲ್ಲಿರುವವರಿಗೆ ಕನ್ನಡ ಬಾರದು, ಒತ್ತು ತಪ್ಪಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಹಾಳೆಗೆ ಒಪ್ಪಿಗೆ ಕೊಡುವ ಮೊದಲು ಪಕ್ಕದಲ್ಲಿ ನಿಂತು ಅವರ ಪರದೆಯ ಮೇಲೆ ನಾವೇ ಓದಿ ನೋಡಬೇಕು.

ಬೆಂಗಳೂರಿನಿಂದ ಬಂದ ಪೋಸ್ಟರ್ ಇಲ್ಲಿ ಹಾಕಿಸುವವರು ಅಳತೆಯ ವ್ಯತ್ಯಾಸ ಗಮನಿಸಿ. ಭಾರತದಲ್ಲಿ ಎ0, ಅಂದರೆ 841 ಗುಣಿಸು 1,189 ಮಿಲಿಮೀಟರ್, ವಿಸ್ತೀರ್ಣ ಹೆಚ್ಚು ಕಡಿಮೆ ಒಂದು ಚದರ ಮೀಟರ್. ಅದರ ಅಗಲ 33.1 ಇಂಚು, ಇಲ್ಲಿನ 36 ಇಂಚಿನ ಸುರುಳಿಯಲ್ಲಿ ಆರಾಮವಾಗಿ ಕೂರುತ್ತದೆ. ಇಲ್ಲಿನ 36 ಗುಣಿಸು 48ರ ಪೋಸ್ಟರನ್ನು ಅಲ್ಲಿ ಎ0ಗೆ ಇಳಿಸಿದರೆ ಎರಡೂ ಹಾಳೆಗಳ ಉದ್ದಗಲದ ಅನುಪಾತ ಬೇರೆಯಾದ್ದರಿಂದ ಉದ್ದದ ಕಡೆ ಸುಮಾರು ಎರಡೂವರೆ ಇಂಚು ಬಿಳಿ ಪಟ್ಟಿ ಉಳಿಯುತ್ತದೆ. ಹಿಗ್ಗಿಸಿ ತುಂಬಲು ಹೋಗಬೇಡಿ, ನಕ್ಷೆಯ ಸ್ಕೇಲ್ ಸುಳ್ಳಾಗುತ್ತದೆ.

ಕಾಗದದಲ್ಲಿ ನನ್ನ ಮತ ಹೊಳಪಿಲ್ಲದ್ದಕ್ಕೆ. ಹೊಳಪಿನ ಕಾಗದ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಸಭಾಂಗಣದ ದೀಪಗಳ ಕೆಳಗೆ ಕನ್ನಡಿಯಾಗಿಬಿಡುತ್ತದೆ. ಲೇಪವಿಲ್ಲದ ತೆಳು ಕಾಗದವೂ ಬೇಡ; ನಾರುಗಳು ಶಾಯಿಯನ್ನು ಅತ್ತಿತ್ತ ಎಳೆದು ಚುಕ್ಕೆಗಳು ಹರಡಿಕೊಳ್ಳುತ್ತವೆ, ತೇವ ಕುಡಿದು ಹಾಳೆ ಅಲೆಅಲೆಯಾಗುತ್ತದೆ. ಲೇಪ ಇರುವ ಕಾಗದದ ಮೇಲ್ಮೈಯ ಸೂಕ್ಷ್ಮ ರಂಧ್ರಗಳು ದ್ರವವನ್ನು ಹೀರಿಕೊಂಡು ಬಣ್ಣವನ್ನು ಮೇಲೆಯೇ ಹಿಡಿದಿಡುತ್ತವೆ. ಸುರುಳಿ ಸುತ್ತುವಾಗ ಮುದ್ರಿತ ಬದಿ ಹೊರಗಿರಲಿ, ಆಗ ಬಿಚ್ಚಿ ಅಂಟಿಸಿದಾಗ ಅಂಚುಗಳು ಗೋಡೆಯ ಕಡೆಗೆ ಬಾಗುತ್ತವೆ. ವಿಮಾನದಲ್ಲಿ ಹೋಗುವವರಿಗೆ ಬಟ್ಟೆಯ ಪೋಸ್ಟರ್ ಒಳ್ಳೆಯದು. ಒಂದು ವಿಧಾನದಲ್ಲಿ 200 ಡಿಗ್ರಿಯ ಸುತ್ತಮುತ್ತಲ ಶಾಖಕ್ಕೆ ಶಾಯಿ ಅನಿಲವಾಗಿ ಪಾಲಿಯೆಸ್ಟರ್ ಎಳೆಗಳ ಒಳಗೇ ಇಳಿಯುತ್ತದೆ, ಹಾಗಾಗಿ ಬಣ್ಣ ಉಜ್ಜಿದರೂ ಬಿಡುವುದಿಲ್ಲ. ಮಡಚಿ ಸೂಟ್‌ಕೇಸಿನಲ್ಲಿಟ್ಟು, ಇಳಿದ ಮೇಲೆ ಸ್ವಲ್ಪ ಇಸ್ತ್ರಿ ಮಾಡಿದರೆ ಆಯಿತು.

ಮಾರ್ಚ್ ಕೊನೆಯ ವಾರದಲ್ಲಿ ಹೋದರೆ ಕ್ಯಾಂಪಸ್ಸಿನ ಪ್ರಿಂಟ್ ಶಾಪ್‌ನಲ್ಲಿ ಸಾಲು ಇರುತ್ತದೆ, ಎಲ್ಲರ ಕೊನೆಯ ವರ್ಷದ ಪ್ರಾಜೆಕ್ಟೂ ಆಗಲೇ. ನಾಲ್ಕೈದು ದಿನ ಮೊದಲೇ ಹೋಗಿ, ಕೆಸರಿನ ಚಿತ್ರದ ಒಂದು ಪಟ್ಟಿ, ಕನ್ನಡದ ಎರಡು ಸಾಲು, ಹಿನ್ನೆಲೆಯ ಬಣ್ಣ ಇಷ್ಟನ್ನೇ ಒಂದು ಚಿಕ್ಕ ಹಾಳೆಯಲ್ಲಿ, ನಿಜದ ಅಳತೆಯಲ್ಲಿ ತೆಗೆಸಿಕೊಳ್ಳಿ. ಗೋಡೆಗೆ ಅಂಟಿಸಿ ಒಂದು ಮಾರು ಹಿಂದೆ ಸರಿದು ಓದಿ. ಮನೆಯಲ್ಲಿ ಅಮ್ಮನನ್ನೂ ಕರೆದು ಓದಿಸಿ. ಧ ಕಂಡರೆ, ಪದರ ಎಣಿಸಲು ಬಂದರೆ, ಪೂರ್ತಿ ಹಾಳೆಗೆ ಆರ್ಡರ್ ಕೊಡಬಹುದು.