ನಿಮಗಿದು ಗೊತ್ತೆ?: ಮದುವೆ ನೆಪ, ಮಂಗಳೂರಿಗೆ ದಂಡು

ಸುಳ್ಯದ ಸೈನ್ಯವೊಂದು ಮದುವೆಯ ನೆಪದಲ್ಲಿ ಜಮಾಯಿಸಿ, ಮಂಗಳೂರನ್ನು 13 ದಿನ ಆಳಿತ್ತು!

ಅದು 1837ರ ಮಾರ್ಚ್ ತಿಂಗಳು. ಕೃಷಿಕ ಮುಖಂಡ ಕೆದಂಬಾಡಿ ರಾಮಯ್ಯ ಗೌಡರು ಮಗನ ಮದುವೆಯೆಂದು ಉಬರಡ್ಕ ಮಿತ್ತೂರಿನ ಮದುವೆಗದ್ದೆಯಲ್ಲಿ ಜನ ಸೇರಿಸಿದರೆಂಬುದು ಇಲ್ಲಿನವರು ಹೇಳಿಕೊಂಡು ಬಂದ ಮಾತು. ಕಂಪನಿ ಸರಕಾರದ ಕಣ್ಣಿಗೆ ಅದು ಬರೀ ನೆಂಟರ ಗುಂಪು. ದಂಡು ಮೊದಲು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಪುತ್ತೂರಿಗೆ ಬಂದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಮ್ಮೆಟ್ಟಬೇಕಾಯಿತು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ರೈತರ ಧ್ವಜ ಹಾರಿತು. 1857ರ ದಂಗೆಗೆ ಆಗಿನ್ನೂ 20 ವರ್ಷ ಬಾಕಿ!

ಸಿಟ್ಟಿಗೆ ಕಾರಣ ಕಂದಾಯ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ, ಅದರ ಭಾಗವಾಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಭತ್ತವನ್ನೇ ಅಳೆದುಕೊಟ್ಟು ತೀರಿಸುತ್ತಿದ್ದ ತೆರಿಗೆಯನ್ನು ಇನ್ನು ನಗದಾಗಿಯೇ ಕಟ್ಟಬೇಕೆಂಬ ಕಟ್ಟಪ್ಪಣೆ ಬಂತು. ಕೈಯಲ್ಲಿ ಕಾಸಿಲ್ಲದ ರೈತ ಸಾಲಗಾರನಾದ.

ರಾಮಯ್ಯ ಗೌಡರ ದೊಡ್ಡತನ ನೋಡಿ: ದಂಡು ಕಟ್ಟಿದವರು ತಾವು, ಪಟ್ಟ ಬಯಸಲಿಲ್ಲ. ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನು ಕೊಡಗಿನ ಹಾಲೇರಿ ಅರಸು ಮನೆತನದ ಕಲ್ಯಾಣಸ್ವಾಮಿಯೆಂದು ಮುಂದೆ ನಿಲ್ಲಿಸಿದರು. ನಿಜವಾದ ಕಲ್ಯಾಣಸ್ವಾಮಿ ಆಗಲೇ ಕಂಪನಿಯ ಸೆರೆಯಲ್ಲಿದ್ದ! ಜನ ಈ ಹೋರಾಟವನ್ನು ಇಂದಿಗೂ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಕರೆಯುತ್ತಾರೆ. ಕಟ್ಟಿದವರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ಹೊರಗಿನಿಂದ ಸೇನೆ ತರಿಸಿ ಕಂಪನಿ ದಂಗೆಯನ್ನು ಅಡಗಿಸಿತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರ್‌ನಲ್ಲಿ.