ಕೋಳಿಮನೆಯ ಗಾಳಿ: ಬಯಲುಸೀಮೆಯ ಪಾಠ, ಮಲೆನಾಡಿನ ಪಾಠ

ಕಾಫಿ, ಅಡಿಕೆಯ ಜೊತೆಗೆ ಉಪಕಸುಬಾಗಿ ಮಾಂಸದ ಕೋಳಿ ಸಾಕುವ ಬೆಳೆಗಾರರು ಅನೇಕರಿದ್ದಾರೆ. ಅದೇ ತಳಿ, ಅದೇ ಆಹಾರ. ಆದರೂ ಒಂದು ತಂಡ ಚೆನ್ನಾಗಿ ತೂಗುತ್ತದೆ, ಮುಂದಿನದು ಸೊರಗುತ್ತದೆ. ಕಾರಣವನ್ನು ಆಹಾರದ ಚೀಲದಲ್ಲಿ ಹುಡುಕಿದರೆ ಸಾಲದು, ಕೋಳಿಮನೆಯ ಗಾಳಿಯಲ್ಲೂ ಹುಡುಕಬೇಕು. ಒಂದು ಸೀಮೆಯ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂಬುದಕ್ಕೆ ಗದಗ ಜಿಲ್ಲೆಯನ್ನೇ ನೋಡಬಹುದು.

1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಯ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲವೂ ಮಳೆ ಕಡಿಮೆಯ ಬಯಲುಸೀಮೆ. ಬೇಸಿಗೆಯಲ್ಲಿ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ. ಹೆಚ್ಚಿನ ಬಿಸಿಯನ್ನು ಕೊಕ್ಕು ತೆರೆದು ತೇಕುತ್ತಲೇ ಹೊರಹಾಕಬೇಕು. ಬೆಳೆದ ಕೋಳಿಗೆ 18ರಿಂದ 24 ಡಿಗ್ರಿ ಹಿತ. 30 ದಾಟಿದರೆ ಆಹಾರ ಬಿಟ್ಟು ನೀರು ಹೆಚ್ಚು ಕುಡಿಯುತ್ತದೆ, ತೂಕ ಏರುವುದಿಲ್ಲ. ಸೆಕೆಗೆ ಮೊದಲು ಸಾಯುವುದು ಮಾರಾಟಕ್ಕೆ ಬಂದ ದಪ್ಪ ಕೋಳಿಯೇ. ಐದಾರು ವಾರ ತಿನ್ನಿಸಿದ ಖರ್ಚೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ.

ಮರಿಗಳ ಮಾತು ಬೇರೆ. ಮೊದಲ ವಾರ ಬ್ರೂಡರಿನಡಿ 32ರಿಂದ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಮರಿಗಳು ಗುಂಪುಗಟ್ಟಿದರೆ ಚಳಿ, ದೂರ ಸರಿದು ಕೊಕ್ಕು ತೆರೆದರೆ ಸೆಕೆ, ಸಮನಾಗಿ ಹರಡಿದ್ದರೆ ಸರಿ ಎಂದು ತಿಳಿಯಿರಿ.

ಗದಗಿನಂಥ ಒಣಹವೆಯಲ್ಲಿ ನೀರೇ ಮದ್ದು. ಮಾಡಿಗೆ ಸುಣ್ಣ ಬಳಿದು ನೀರು ಚಿಮುಕಿಸುವುದು, ಬದಿಗೆ ಒದ್ದೆ ಗೋಣಿತಾಟು ಕಟ್ಟುವುದು ಅಲ್ಲಿ ಫಲ ಕೊಡುತ್ತದೆ. ನೀರು ಬೇಗ ಆರುವಾಗ ಬಿಸಿಯನ್ನು ಹೀರಿಕೊಳ್ಳುತ್ತದೆ. ಆಹಾರವನ್ನು ಬೆಳಗಿನ, ಸಂಜೆಯ ತಂಪಿನಲ್ಲಿ ಕೊಡಬೇಕು. ನೀರಿನ ತೊಟ್ಟಿ, ಕೊಳವೆಗೆ ನೆರಳಿರಬೇಕು. ಮುಂಡರಗಿ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಕೊಳವೆಬಾವಿಯ ನೀರನ್ನು ಮೊದಲೇ ಪರೀಕ್ಷೆ ಮಾಡಿಸುವುದು ಲೇಸು.

ಇದೇ ಉಪಾಯವನ್ನು ಮಲೆನಾಡಿನ ಮಳೆಗಾಲಕ್ಕೆ ತಂದರೆ ಕೆಡುಕೇ ಹೆಚ್ಚು. ಇಲ್ಲಿ ಗಾಳಿಯೇ ತೇವ. ಒದ್ದೆ ಗೋಣಿ ಆರುವುದಿಲ್ಲ, ಕೋಳಿ ತೇಕಿದರೂ ಬಿಸಿ ಬೇಗ ಇಳಿಯುವುದಿಲ್ಲ. ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಅಮೋನಿಯ ಏಳುತ್ತದೆ; ಕಣ್ಣು ಉರಿದು ಉಸಿರಾಟದ ರೋಗ ಹತ್ತುತ್ತದೆ. ತೇವದಲ್ಲಿ ರಕ್ತಭೇದಿಯ ಕಾಕ್ಸಿಡಿಯ, ಬೂಷ್ಟು ಎರಡೂ ಬೆಳೆಯುತ್ತವೆ. ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷವಿರಬಹುದು; ಅದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ.

ಆದ್ದರಿಂದ ನಮ್ಮವರು ಮಾಡಿನ ಇಳಿಜಾರನ್ನು ಮುಂದಕ್ಕೆ ಚಾಚಿ ಇರಚಲನ್ನು ತಡೆಯಬೇಕು. ಪರದೆಯನ್ನು ಪೂರ್ತಿ ಮುಚ್ಚದೆ ಮೇಲ್ಗಡೆ ಒಂದಡಿ ಗಾಳಿಗೆ ಬಿಡಬೇಕು. ಹೊಟ್ಟನ್ನು ದಿನವೂ ಕೆದಕಬೇಕು. ಹಿಡಿಯಲ್ಲಿ ಅದುಮಿದಾಗ ಉಂಡೆ ಕಟ್ಟಿ ಹಾಗೇ ನಿಂತರೆ ತೇವ ಹೆಚ್ಚಾಯಿತೆಂದೇ ಅರ್ಥ. ಆ ಭಾಗವನ್ನು ತೆಗೆದು ಹೊಸ ಹೊಟ್ಟು ಹಾಕಿ.

ಎರಡೂ ಸೀಮೆಗೆ ಸಲ್ಲುವ ಮಾತು ಇಷ್ಟು: ಕೋಳಿಮನೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ, ಕೋಳಿಗೆ ಒಂದು ಚದರಡಿ ಜಾಗವಿರಲಿ, ಬೇಸಿಗೆಯಲ್ಲಿ ಇನ್ನಷ್ಟು. ಕೋಳಿಯ ತಲೆಯ ಮಟ್ಟಕ್ಕೆ ಒಂದು ಉಷ್ಣಮಾಪಕ ತೂಗುಹಾಕಿ, ಮಧ್ಯಾಹ್ನ ಎರಡು ಗಂಟೆಯ ಅಂಕಿಯನ್ನು ಆ ದಿನದ ಆಹಾರ, ಸಾವುಗಳ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಒಂದು ತಂಡ ಮಾರಾಟವಾಗುವ ಹೊತ್ತಿಗೆ ನಷ್ಟ ಎಲ್ಲಿಂದ ಬಂತೆಂದು ಆ ಪುಸ್ತಕವೇ ಹೇಳುತ್ತದೆ.